ಎಕ್ಮೋ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆಗಳು

ಶ್ವಾಸಕೋಶ, ಹೃದಯ ಕೈಕೊಟ್ಟಾಗ ದೇಹದ ಹೊರಗಿಂದ ಅವುಗಳ ಕೆಲಸ ಮಾಡುವ ಮಿಷನ್ ಎಕ್ಮೋ. ಬೇರೆ ಆಸ್ಪತ್ರೆಯಿಂದ ಎಕ್ಮೋಗೆ ಅಂತ ಫೋನ್ ಬಂದಾಗ ನಮ್ಮ ಐಸಿಯು ಡಾಕ್ಟರು ಆಕ್ಸಿಜನ್ ಎಷ್ಟಿದೆ ಅಂತ ಮೊದಲು ಕೇಳುವುದಿಲ್ಲ. ಎಕ್ಮೋ ಬೇಕು ಅಂತ ಫೋನ್ ಮಾಡಿದ್ದಾರೆ ಅಂದಮೇಲೆ ಆಕ್ಸಿಜನ್ ಕಡಿಮೆಯೇ ಇರುತ್ತದೆ. ಅವರು ಕೇಳುವುದು ಬೇರೆ. ವಯಸ್ಸೆಷ್ಟು? ಏನು ಕಾಯಿಲೆ? ವೆಂಟಿಲೇಟರ್ ಹಾಕಿ ಎಷ್ಟು ದಿನ ಆಯ್ತು? ಬೋರಲು ಮಲಗಿಸಿ ನೋಡಿದ್ರಾ? ಕಿಡ್ನಿ ಹೇಗಿದೆ? ಕರೆದರೆ ಕಣ್ಣು ಬಿಡುತ್ತಿದ್ದರಾ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಇದು ಸುಮ್ನೆ ಹೊತ್ತು ಕಳೆಯುವುದು ಅನ್ನಿಸುತ್ತಿತ್ತು. ಜೀವ ಹೋಗುತ್ತಿದೆ, ಬೇಗ ಹೋಗಿ ಮಿಷನ್ ಹಾಕಬಾರದಾ ಅಂತ ಒಳಗೊಳಗೇ ಚಡಪಡಿಸುತ್ತಿದ್ದೆ. ಈಗ ಆ ಫೋನ್ ನನ್ನ ಕೈಗೆ ಬಂದರೂ ನಾನು ಕೇಳುವುದು ಅದೇ ಪ್ರಶ್ನೆಗಳನ್ನು.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪರ್ಫ್ಯೂಷನಿಸ್ಟ್. ಓಪನ್ ಹಾರ್ಟ್ ಆಪರೇಷನ್ ನಡೆಯುವಾಗ ಹಾರ್ಟ್-ಲಂಗ್ ಮಿಷನ್ ನಡೆಸುವವರು ನಾವು. ಥಿಯೇಟರಿನಲ್ಲಿ ಆ ಮಿಷನ್ನಿನ ಕೆಲಸ ಕೆಲವು ಗಂಟೆಗಳದ್ದು. ಅದೇ ತತ್ವದ ಚಿಕ್ಕ ಮಿಷನ್ನನ್ನು ಐಸಿಯುನಲ್ಲಿ ಬೆಡ್ ಪಕ್ಕ ಇಟ್ಟು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಡೆಸುವುದು ಎಕ್ಮೋ. ಕೋವಿಡ್ ಬಂದಮೇಲೆ ಈ ಹೆಸರು ಎಲ್ಲರ ಬಾಯಲ್ಲೂ ಬಂತು. 2020ರ ಆಗಸ್ಟಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರನ್ನು ಚೆನ್ನೈಯಲ್ಲಿ ಎಕ್ಮೋ ಮೇಲೆ ಇಟ್ಟಿದ್ದಾರೆ ಅಂತ ಟೀವಿಯಲ್ಲಿ ಬಂದಾಗ ಕನ್ನಡದವರೆಲ್ಲ ಬುಲೆಟಿನ್ ಕಾದು ಕೂತಿದ್ದೆವು. ಸೆಪ್ಟೆಂಬರ್ 25ಕ್ಕೆ ಅವರು ಹೋದರು. ಅದಕ್ಕೂ ಮುಂಚೆ 2016ರ ಡಿಸೆಂಬರಿನಲ್ಲಿ ಜಯಲಲಿತಾ ಅವರಿಗೂ ಇದೇ ಮಿಷನ್ ಹಾಕಿದ್ದರು. ಹಾಗಾಗಿ ಇವತ್ತಿಗೂ ಕೌನ್ಸೆಲಿಂಗ್ ರೂಮಿನಲ್ಲಿ ಎಕ್ಮೋ ಅಂದ ತಕ್ಷಣ ಕೆಲವರು, "ಸಾರ್, ಅದು ಹಾಕಿದವರು ಉಳಿಯೋದೇ ಇಲ್ವಂತಲ್ಲ" ಅನ್ನುತ್ತಾರೆ. ಇನ್ನು ಕೆಲವರು, "ಎಷ್ಟಾದರೂ ಆಗಲಿ ಸಾರ್, ಅದನ್ನ ಹಾಕಿಬಿಡಿ, ಉಳಿದುಬಿಡ್ತಾರೆ" ಅನ್ನುತ್ತಾರೆ. ಎರಡೂ ತಪ್ಪು. ಯಾರಿಗೆ, ಯಾವ ಕಾಯಿಲೆಗೆ, ಯಾವ ಹೊತ್ತಿನಲ್ಲಿ ಹಾಕಿದರು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಹುಪಾಲು ತೀರ್ಮಾನ ನಾವು ಟ್ಯೂಬ್ ಹಾಕುವ ಮುಂಚೆಯೇ ಆಗಿರುತ್ತದೆ. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಅದು.

ಮಿಷನ್ ಏನು ಮಾಡುತ್ತದೆ ಅಂತ ಮೊದಲು ಹೇಳುತ್ತೇನೆ. ತೊಡೆಸಂದಿನ ದೊಡ್ಡ ರಕ್ತನಾಳಕ್ಕೆ ಸುಮಾರು 8 ಮಿಲಿಮೀಟರ್ ದಪ್ಪದ ಟ್ಯೂಬ್ ಹಾಕುತ್ತಾರೆ. ಅದಕ್ಕೆ ಕ್ಯಾನ್ಯುಲಾ ಅಂತೀವಿ. ಪಂಪ್ ಅದರಿಂದ ಕಪ್ಪುಗೆಂಪು ರಕ್ತವನ್ನು ಎಳೆದು ಆಕ್ಸಿಜನೇಟರ್ ಒಳಗೆ ದೂಡುತ್ತದೆ. ಆಕ್ಸಿಜನೇಟರ್ ಒಳಗೆ ಕೂದಲಿನಷ್ಟು ಸಣ್ಣ ಸಾವಿರಾರು ಪೊಳ್ಳು ಎಳೆಗಳಿವೆ. ಎಳೆಗಳ ಒಳಗೆ ಗ್ಯಾಸ್ ಹರಿಯುತ್ತದೆ, ಹೊರಗೆ ರಕ್ತ ಹರಿಯುತ್ತದೆ. ಅಲ್ಲಿ ರಕ್ತ ಆಕ್ಸಿಜನ್ ತುಂಬಿಕೊಂಡು, ಕಾರ್ಬನ್ ಡೈಆಕ್ಸೈಡ್ ಬಿಟ್ಟು, ಕೆಂಪಗಾಗಿ ಹೊರಗೆ ಬರುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತ ಹೀಗೆ ಹೊರಗೆ ಬಂದು ಒಳಗೆ ಹೋಗುತ್ತಿರುತ್ತದೆ. ಪಕ್ಕಪಕ್ಕದ ಎರಡು ಟ್ಯೂಬಿನಲ್ಲಿ ಒಂದು ಕಪ್ಪು, ಒಂದು ಕೆಂಪು ಕಾಣಬೇಕು. ಎರಡೂ ಒಂದೇ ಬಣ್ಣಕ್ಕೆ ತಿರುಗಿದರೆ ಎಲ್ಲೋ ಏನೋ ಕೆಟ್ಟಿದೆ ಅಂತ ಅರ್ಥ.

ಶ್ವಾಸಕೋಶ ಮಾತ್ರ ಕೆಟ್ಟು ಹೃದಯ ಗಟ್ಟಿಯಾಗಿದ್ದರೆ ಕೆಂಪು ರಕ್ತವನ್ನು ಮತ್ತೆ ಅಶುದ್ಧ ರಕ್ತನಾಳಕ್ಕೇ, ಸಾಮಾನ್ಯವಾಗಿ ಕುತ್ತಿಗೆಯಲ್ಲಿ, ವಾಪಸ್ ಕೊಡುತ್ತೇವೆ. ಅದು ವಿವಿ ಎಕ್ಮೋ. ಹೃದಯವೇ ಕೈಕೊಟ್ಟಿದ್ದರೆ ಶುದ್ಧ ರಕ್ತನಾಳಕ್ಕೆ ಒತ್ತಡದಿಂದ ಕೊಡಬೇಕು. ಅದು ವಿಎ ಎಕ್ಮೋ. ಎರಡರಲ್ಲೂ ಒಂದು ಮಾತು ಸಮಾನ: ಈ ಮಿಷನ್ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ಔಷಧಿ ಕೆಲಸ ಮಾಡುವವರೆಗೆ, ದೇಹ ತಾನೇ ಸುಧಾರಿಸಿಕೊಳ್ಳುವವರೆಗೆ ಹೊತ್ತು ಕೊಡುತ್ತದೆ, ಅಷ್ಟೇ. ಸುಧಾರಿಸುವ ಸಾಧ್ಯತೆಯೇ ಇಲ್ಲದ ಕಡೆ ಹೊತ್ತು ಕೊಟ್ಟು ಏನು ಪ್ರಯೋಜನ?

ಲೆಕ್ಕ ನೋಡೋಣ. ಪ್ರಪಂಚದ ಎಕ್ಮೋ ಸೆಂಟರ್‌ಗಳು ತಮ್ಮ ಕೇಸುಗಳ ವಿವರ ಒಂದೇ ಕಡೆ ದಾಖಲಿಸುತ್ತವೆ. ಅದಕ್ಕೆ ಎಲ್ಸೋ ಅನ್ನುವ ಸಂಸ್ಥೆ ಇದೆ, 1989ರಲ್ಲಿ ಶುರುವಾದದ್ದು. ಆ ದಾಖಲೆಯ ಪ್ರಕಾರ ಶ್ವಾಸಕೋಶಕ್ಕಾಗಿ ಎಕ್ಮೋ ಹಾಕಿಸಿಕೊಂಡ ದೊಡ್ಡವರಲ್ಲಿ 100ಕ್ಕೆ ಸುಮಾರು 60 ಜನ ಆಸ್ಪತ್ರೆಯಿಂದ ಮನೆಗೆ ಹೋಗುತ್ತಾರೆ. ಹೃದಯಕ್ಕಾಗಿ ಹಾಕಿದವರಲ್ಲಿ ಸುಮಾರು 45. ಎದೆ ಒತ್ತುತ್ತಿರುವಾಗಲೇ, ಅಂದರೆ ಹೃದಯ ನಿಂತೇ ಹೋಗಿರುವಾಗ ಹಾಕಿದರೆ ಸುಮಾರು 30. ಎಕ್ಮೋ ಮುಟ್ಟುವ ಹೊತ್ತಿಗೆ ಇವರೆಲ್ಲ ಸಾವಿನ ಅಂಚಿನಲ್ಲಿ ಇದ್ದವರು ಅನ್ನುವುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಓದಬೇಕು.

ಇಲ್ಲಿಗೆ ಬರಲು ತುಂಬ ವರ್ಷ ಹಿಡಿಯಿತು. 1971ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ಅಪಘಾತವಾಗಿ ಶ್ವಾಸಕೋಶ ಕೆಟ್ಟಿದ್ದ 24 ವರ್ಷದ ಹುಡುಗನನ್ನು 75 ಗಂಟೆ ಇಂಥ ಮಿಷನ್ ಮೇಲೆ ಇಟ್ಟು ಡಾಕ್ಟರ್ ಡೊನಾಲ್ಡ್ ಹಿಲ್ ಮತ್ತು ತಂಡದವರು ಬದುಕಿಸಿದರು. ದೊಡ್ಡವರಲ್ಲಿ ಗೆದ್ದ ಮೊದಲ ಕೇಸ್ ಅದು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ 1979ರಲ್ಲಿ 90 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂದಾಗ ಎಕ್ಮೋ ಹಾಕಿದವರಲ್ಲೂ ಹಾಕದವರಲ್ಲೂ 10ಕ್ಕೆ 9 ಜನ ತೀರಿಹೋಗಿದ್ದರು. ಆಗಿನ ಮಿಷನ್ನಿನಲ್ಲಿ ರಕ್ತಸ್ರಾವ ವಿಪರೀತ. ಜೊತೆಗೆ, ವೆಂಟಿಲೇಟರಿನಲ್ಲಿ ದಿನಗಟ್ಟಲೆ ಜೋರು ಒತ್ತಡದ ಗಾಳಿ ತಿಂದು ಶ್ವಾಸಕೋಶ ಹಾಳಾದಮೇಲೆ ಎಷ್ಟೋ ಜನರಿಗೆ ಎಕ್ಮೋ ಹಾಕಿದ್ದರು. ಎಕ್ಮೋ ಹಾಕಿದ ಮೇಲೂ ಆ ಒತ್ತಡ ಇಳಿಸಲಿಲ್ಲ. ದೊಡ್ಡವರ ಎಕ್ಮೋ ಸುಮಾರು 30 ವರ್ಷ ಮೂಲೆಗೆ ಬಿತ್ತು. ಬೆರಳೆಣಿಕೆಯ ಕಡೆ ಮಾತ್ರ ಬಿಡದೆ ಮಾಡುತ್ತಿದ್ದರು.

2009ರಲ್ಲಿ ಇಂಗ್ಲೆಂಡಿನ ಸೀಸರ್ ಪರೀಕ್ಷೆ ಬಂತು. ಲೆಸ್ಟರಿನ ಎಕ್ಮೋ ಸೆಂಟರಿಗೆ ಕಳಿಸಲು ಆಯ್ಕೆಯಾದವರಲ್ಲಿ 63 ಪರ್ಸೆಂಟ್ ಆರು ತಿಂಗಳ ನಂತರ ತೀವ್ರ ಅಂಗವೈಕಲ್ಯವಿಲ್ಲದೆ ಬದುಕಿದ್ದರು. ಇದ್ದಲ್ಲೇ ಚಿಕಿತ್ಸೆ ಪಡೆದವರಲ್ಲಿ 47 ಪರ್ಸೆಂಟ್. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಲೆಸ್ಟರಿಗೆ ಅಂತ ಆಯ್ಕೆಯಾದ 90 ಜನರಲ್ಲಿ ನಿಜವಾಗಿ ಎಕ್ಮೋ ಹಾಕಿದ್ದು 68 ಜನಕ್ಕೆ. ಅನುಭವ ಇರುವ ಕೈಗಳಲ್ಲಿ ವೆಂಟಿಲೇಟರ್ ಸರಿಯಾಗಿ ನಡೆದರೆ ಕೆಲವರಿಗೆ ಎಕ್ಮೋ ಬೇಕಾಗುವುದೇ ಇಲ್ಲ. ಅದೇ ವರ್ಷ ಎಚ್1ಎನ್1 ಬಂದು ವಯಸ್ಸಿನ ಹುಡುಗರು, ಬಸುರಿ ಹೆಂಗಸರು ಐಸಿಯು ತುಂಬಿದರು. ಮೂಲೆಯಲ್ಲಿದ್ದ ಎಕ್ಮೋ ಮತ್ತೆ ಮುಂದೆ ಬಂತು.

ಶ್ವಾಸಕೋಶದ ಕೇಸಿನಲ್ಲಿ ನಾವು ದಿನಾ ಬಳಸುವ ಲೆಕ್ಕ ರೆಸ್ಪ್ ಸ್ಕೋರ್. 2014ರಲ್ಲಿ ಬಂದದ್ದು, 2,355 ಜನರ ದಾಖಲೆ ನೋಡಿ ಮಾಡಿದ್ದು. ಅವರಲ್ಲಿ 57 ಪರ್ಸೆಂಟ್ ಮನೆಗೆ ಹೋಗಿದ್ದರು. ಎಕ್ಮೋ ಹಾಕುವ ಮುಂಚಿನ ಹನ್ನೆರಡು ವಿಷಯಗಳಿಗೆ ಅಂಕ ಕೊಡುತ್ತಾ ಹೋಗುವುದು. ಒಟ್ಟು 6 ಅಥವಾ ಜಾಸ್ತಿ ಬಂದವರಲ್ಲಿ 92 ಪರ್ಸೆಂಟ್ ಉಳಿದಿದ್ದರು. ಮೈನಸ್ 6 ಅಥವಾ ಅದಕ್ಕಿಂತ ಕೆಳಗಿನವರಲ್ಲಿ 18 ಪರ್ಸೆಂಟ್. ಒಂದೇ ಮಿಷನ್, ಒಂದೇ ಪಂಪ್, ಒಂದೇ ಟ್ಯೂಬ್. ಅಂತರ ನೋಡಿ.

ಅಂಕ ಯಾವುದಕ್ಕೆ ಹೋಗುತ್ತದೆ, ಯಾವುದಕ್ಕೆ ಬರುತ್ತದೆ ಅನ್ನುವುದರಲ್ಲೇ ಇಡೀ ಪಾಠ ಇದೆ. ತೀವ್ರ ಅಸ್ತಮಾಕ್ಕೆ ಪ್ಲಸ್ 11. ಯಾಕೆಂದರೆ ಅಲ್ಲಿ ಶ್ವಾಸಕೋಶ ಹಾಳಾಗಿಲ್ಲ, ಗಾಳಿ ಹೋಗುವ ದಾರಿ ಬಿಗಿದುಕೊಂಡಿದೆ. ಬಿಗಿತ ಬಿಡುವವರೆಗೆ ಕಾದರೆ ಸಾಕು. ವೈರಸ್ಸಿನ ಅಥವಾ ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೆ ಪ್ಲಸ್ 3. ಮಿದುಳಿಗೆ ಪೆಟ್ಟಾಗಿದ್ದರೆ ಮೈನಸ್ 7. ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೊಡೆತ ಇದೇ. ವಯಸ್ಸು 50 ದಾಟಿದರೆ ಮೈನಸ್ 2, 60 ದಾಟಿದರೆ ಮೈನಸ್ 3. ಕ್ಯಾನ್ಸರ್, ಅಂಗಾಂಗ ಕಸಿ ಇಂಥ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಸಿದಿದ್ದರೆ ಮೈನಸ್ 2. ಮುಂಚೆ ಒಮ್ಮೆ ಹೃದಯ ನಿಂತಿದ್ದರೆ ಮೈನಸ್ 2. ವೆಂಟಿಲೇಟರ್ ಹಾಕಿ 48 ಗಂಟೆ ಒಳಗೆ ಎಕ್ಮೋ ಆದರೆ ಪ್ಲಸ್ 3. ಎರಡು ದಿನದಿಂದ ಒಂದು ವಾರದ ಒಳಗೆ ಪ್ಲಸ್ 1. ವಾರ ದಾಟಿದರೆ ಸೊನ್ನೆ.

ಈ ಪಟ್ಟಿಯಲ್ಲಿ ವಯಸ್ಸು ನಮ್ಮ ಕೈಯಲ್ಲಿಲ್ಲ. ಕಾಯಿಲೆಯೂ ಇಲ್ಲ. ನಮ್ಮ ಕೈಯಲ್ಲಿರುವುದು ಆ ದಿನಗಳ ಲೆಕ್ಕ ಮಾತ್ರ. ಅದಕ್ಕೇ ನನಗೆ ಅದರ ಮೇಲೆ ಇಷ್ಟೊಂದು ಕಾಳಜಿ. ನ್ಯುಮೋನಿಯಾದಲ್ಲಿ ಗಟ್ಟಿಯಾದ ಶ್ವಾಸಕೋಶಕ್ಕೆ ವೆಂಟಿಲೇಟರ್ ಗಾಳಿ ತುಂಬಬೇಕಾದರೆ ಒತ್ತಡ ಏರಿಸಬೇಕು. ಗಾಳಿ ಹೋಗುವುದು ಉಳಿದಿರುವ ಒಳ್ಳೆಯ ಭಾಗಕ್ಕೇ. ಆ ಭಾಗ ಹಿಗ್ಗಿ ಹಿಗ್ಗಿ ಅದೂ ಕೆಡುತ್ತದೆ. ಜೊತೆಗೆ ಹೊಸ ಸೋಂಕು ಸೇರುತ್ತದೆ, ಮಾಂಸಖಂಡ ಕರಗುತ್ತದೆ, ಕಿಡ್ನಿ ಸೋಲುತ್ತದೆ. ಹತ್ತನೇ ದಿನ ಎಕ್ಮೋಗೆ ಫೋನ್ ಮಾಡಿದರೆ ಅಲ್ಲಿರುವುದು ಮೊದಲನೇ ದಿನದ ಕಾಯಿಲೆ ಅಲ್ಲ. ಬೇರೆಯದೇ ಆಗಿರುತ್ತದೆ.

ಒಂದು ಮಳೆಗಾಲದಲ್ಲಿ ಮಲೆನಾಡು ಕಡೆಯ ಆಸ್ಪತ್ರೆಯೊಂದರಿಂದ ಫೋನ್ ಬಂತು. ಮೂವತ್ತರ ಒಳಗಿನ ಹುಡುಗ. ತೋಟದ ಕೆಲಸ. ಜ್ವರ, ಮೈಕೈ ನೋವು, ಆಮೇಲೆ ಕಫದಲ್ಲಿ ರಕ್ತ. ಇಲಿಜ್ವರ ಅಂತ ಅಲ್ಲಿಯ ಡಾಕ್ಟರಿಗೆ ಅನುಮಾನ ಬಂದು ಔಷಧಿ ಶುರುಮಾಡಿದ್ದರು. ಹಿಂದಿನ ರಾತ್ರಿ ವೆಂಟಿಲೇಟರ್ ಹಾಕಿದ್ದರು. ಬೆಳಗ್ಗೆ ಬೋರಲು ಮಲಗಿಸಿದ್ದರು. ಸಂಜೆ ಹೊತ್ತಿಗೂ ಏಳಿಗೆ ಕಾಣದಿದ್ದಾಗ ಫೋನ್ ಮಾಡಿದರು. ಅಲ್ಲಿಯ ಡಾಕ್ಟರ್ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಸಾರ್, ಇನ್ನೂ ಕೈಮೀರಿಲ್ಲ. ಮೀರುವ ಮುಂಚೆ ಕೇಳೋಣ ಅಂತ ಮಾಡಿದೆ." ನಾವು ಪ್ರೈಮಿಂಗ್ ಮಾಡಿದ, ಅಂದರೆ ಟ್ಯೂಬುಗಳಲ್ಲಿ ದ್ರವ ತುಂಬಿ ಸಿದ್ಧ ಮಾಡಿದ ಸರ್ಕ್ಯೂಟ್ ಆಂಬುಲೆನ್ಸಿನಲ್ಲಿ ಇಟ್ಟುಕೊಂಡು ಹೋದೆವು. ಅಲ್ಲೇ ಐಸಿಯುನಲ್ಲಿ ಕ್ಯಾನ್ಯುಲಾ ಹಾಕಿದರು. ಶ್ವಾಸಕೋಶದಲ್ಲಿ ರಕ್ತ ಒಸರುತ್ತಿದ್ದದ್ದರಿಂದ ರಕ್ತ ತೆಳು ಮಾಡುವ ಹೆಪಾರಿನ್ ಆರಂಭದಲ್ಲಿ ಕೊಡಲಿಲ್ಲ. ಫ್ಲೋ, ಅಂದರೆ ರಕ್ತದ ಹರಿವು ಜಾಸ್ತಿ ಇಟ್ಟುಕೊಂಡು, ರಕ್ತ ಹೆಪ್ಪುಗಟ್ಟಿ ಕ್ಲಾಟ್ ಆಗುತ್ತಾ ಅಂತ ದಾರಿಯುದ್ದಕ್ಕೂ ಕಣ್ಣಿಟ್ಟು ನೋಡುತ್ತಾ ಘಾಟಿ ಇಳಿದು ಬಂದೆವು. ಪ್ರತಿ ತಿರುವಿನಲ್ಲೂ ಒಬ್ಬರು ಟ್ಯೂಬ್ ಹಿಡಿದುಕೊಂಡೇ ಇದ್ದರು. ವಾರ ಕಳೆಯುವ ಹೊತ್ತಿಗೆ ಎಕ್ಸ್‌ರೇ ತಿಳಿಯಾಯಿತು. ಟ್ಯೂಬ್ ತೆಗೆದೆವು. ಆ ಹುಡುಗನನ್ನು ಉಳಿಸಿದ್ದು ನಾವು ಅಂತ ಅವರ ಮನೆಯವರು ಕೈಮುಗಿದರು. ಫೋನ್ ಮಾಡಿದ ಆ ಡಾಕ್ಟರಿಗೆ ಅರ್ಧ ಪುಣ್ಯ ಹೋಗಬೇಕು ಅಂತ ನಾನು ಅವರಿಗೆ ಹೇಳಿದೆ.

ಹಾಗಂತ ಮೊದಲ ದಿನವೇ ಎಲ್ಲರಿಗೂ ಎಕ್ಮೋ ಹಾಕಬೇಕು ಅಂತ ಅಲ್ಲ. ಬೋರಲು ಮಲಗಿಸುವುದು ಖರ್ಚಿಲ್ಲದ ಚಿಕಿತ್ಸೆ. 2013ರಲ್ಲಿ ಪ್ರಕಟವಾದ ಫ್ರಾನ್ಸ್ ಕಡೆಯ ದೊಡ್ಡ ಪರೀಕ್ಷೆಯಲ್ಲಿ ದಿನಕ್ಕೆ 16 ಗಂಟೆಗೂ ಜಾಸ್ತಿ ಬೋರಲು ಮಲಗಿಸಿದವರಲ್ಲಿ 28 ದಿನದಲ್ಲಿ ಸತ್ತವರು 16 ಪರ್ಸೆಂಟ್, ಮಲಗಿಸದವರಲ್ಲಿ 32.8 ಪರ್ಸೆಂಟ್. ಇಷ್ಟು ಲಾಭ ಕೊಡುವ ಯಾವ ಮಿಷನ್ನೂ ಇಲ್ಲ. ಅದನ್ನು ಮಾಡಿ ನೋಡದೆ ಎಕ್ಮೋಗೆ ಕೈ ಹಾಕುವುದು ಸರಿಯಲ್ಲ. 2018ರ ಇಯೋಲಿಯಾ ಪರೀಕ್ಷೆ ಎಕ್ಮೋಗೆ ಒಂದು ಮಿತಿ ಹಾಕಿಕೊಟ್ಟಿತು. ರಕ್ತದ ಆಕ್ಸಿಜನ್ ಮತ್ತು ಕೊಡುವ ಆಕ್ಸಿಜನ್ನಿನ ಅನುಪಾತ 50ಕ್ಕಿಂತ ಕೆಳಗೆ 3 ಗಂಟೆಗೂ ಮೀರಿ ನಿಂತರೆ, ಅಥವಾ 80ಕ್ಕಿಂತ ಕೆಳಗೆ 6 ಗಂಟೆಗೂ ಮೀರಿ ನಿಂತರೆ ಯೋಚಿಸಿ ಅಂತ. ಆ ಪರೀಕ್ಷೆಯಲ್ಲಿ 60 ದಿನದಲ್ಲಿ ಸತ್ತವರು ಎಕ್ಮೋ ಗುಂಪಿನಲ್ಲಿ 35 ಪರ್ಸೆಂಟ್, ಇನ್ನೊಂದು ಗುಂಪಿನಲ್ಲಿ 46. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಗೆಲುವು ಅನ್ನಿಸಿಕೊಳ್ಳಲಿಲ್ಲ. ಆದರೆ ಎರಡನೇ ಗುಂಪಿನಲ್ಲೂ 28 ಪರ್ಸೆಂಟ್ ಜನಕ್ಕೆ ಕೊನೆಗೆ ಬೇರೆ ದಾರಿ ಕಾಣದೆ ಎಕ್ಮೋ ಹಾಕಿದ್ದರು. ಹಾಗೆ ತಡವಾಗಿ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ.

ಕೋವಿಡ್ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸಿತು. 2020ರ ಆರಂಭದಲ್ಲಿ ಎಕ್ಮೋ ಹಾಕಿದ 1,035 ಜನರ ದಾಖಲೆಯಲ್ಲಿ 90 ದಿನದೊಳಗಿನ ಸಾವು 37 ಪರ್ಸೆಂಟಿನ ಆಸುಪಾಸು ಇತ್ತು. ಆ ವರ್ಷದ ಕೊನೆ ಹೊತ್ತಿಗೆ ಅನುಭವಿ ಸೆಂಟರ್‌ಗಳಲ್ಲೇ ಅದು 50 ಪರ್ಸೆಂಟ್ ದಾಟಿತು. ಕಾರಣ ಒಂದೇ ಅಲ್ಲ. ಆದರೆ ಐಸಿಯುನಲ್ಲಿ ನಾವು ಕಣ್ಣಾರೆ ನೋಡಿದ್ದು ಇದು: ಜನ ವಾರಗಟ್ಟಲೆ ಮಾಸ್ಕಿನಲ್ಲಿ, ಹೈ ಫ್ಲೋ ಆಕ್ಸಿಜನ್ನಿನಲ್ಲಿ ಏದುಸಿರು ಬಿಡುತ್ತಾ ಕಳೆದು, ಸ್ಟೆರಾಯ್ಡ್ ಎಲ್ಲ ಮುಗಿಸಿ, ಆಮೇಲೆ ವೆಂಟಿಲೇಟರಿಗೆ ಬಂದು, ಕೊನೆಗೆ ಎಕ್ಮೋಗೆ ಬರುತ್ತಿದ್ದರು. ವೆಂಟಿಲೇಟರ್ ದಿನ ಒಂದೇ ಅಂತ ಕಾಗದದಲ್ಲಿ ಇರುತ್ತಿತ್ತು. ಶ್ವಾಸಕೋಶ ಮಾತ್ರ ಮೂರು ವಾರ ಹೊಡೆತ ತಿಂದಿರುತ್ತಿತ್ತು. ಅಂದಿನಿಂದ ನಾವು ವೆಂಟಿಲೇಟರ್ ದಿನದ ಜೊತೆಗೆ, ಉಸಿರಾಟಕ್ಕೆ ಕಷ್ಟ ಶುರುವಾಗಿ ಎಷ್ಟು ದಿನ ಅಂತಲೂ ಕೇಳುತ್ತೇವೆ.

ಹೃದಯದ ಎಕ್ಮೋ ಇನ್ನೂ ಕಠಿಣ. ಅಲ್ಲಿ ಹೊತ್ತನ್ನು ದಿನದಲ್ಲಿ ಅಲ್ಲ, ಗಂಟೆಯಲ್ಲಿ, ಕೆಲವೊಮ್ಮೆ ನಿಮಿಷದಲ್ಲಿ ಅಳೆಯಬೇಕು. 3,846 ಜನರ ದಾಖಲೆಯಿಂದ 2015ರಲ್ಲಿ ಸೇವ್ ಸ್ಕೋರ್ ಬಂತು. ಅದರಲ್ಲಿ ಉಳಿದವರು 42 ಪರ್ಸೆಂಟ್. ವೈರಸ್ಸಿನಿಂದ ಹೃದಯದ ಮಾಂಸ ಊದಿಕೊಳ್ಳುವ ಮಯೋಕಾರ್ಡೈಟಿಸ್ ಇದ್ದವರಿಗೆ ಒಳ್ಳೆಯ ಅಂಕ. ಹಳೆಯ ಕಿಡ್ನಿ ಕಾಯಿಲೆ, ಲಿವರ್ ಸೋಲು, ರಕ್ತದಲ್ಲಿ ಆಮ್ಲ ಏರಿರುವುದು, ಹೆಚ್ಚು ಹೊತ್ತು ವೆಂಟಿಲೇಟರಿನಲ್ಲಿ ಕಳೆದಿರುವುದು ಇವೆಲ್ಲ ಕೆಟ್ಟ ಅಂಕ. ನಾನು ವಿಎ ಕೇಸಿಗೆ ಹೋದರೆ ಮೊದಲು ನೋಡುವ ಕಾಗದ ರಕ್ತದ ಲ್ಯಾಕ್ಟೇಟ್ ಪರೀಕ್ಷೆಯದು. ಅಂಗಾಂಗಗಳಿಗೆ ರಕ್ತ ಸಿಗದೆ ಎಷ್ಟು ಹೊತ್ತಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಎಕ್ಮೋ ಶುರುವಾದ ಮೇಲೆ ಅದು ಇಳಿಯುತ್ತಾ ಬಂದರೆ ನಮಗೂ ಉಸಿರು ಬರುತ್ತದೆ.

2023ರಲ್ಲಿ ಬಂದ ಜರ್ಮನಿ ಕಡೆಯ ಪರೀಕ್ಷೆಯ ಫಲಿತಾಂಶ ಈ ಕೆಲಸದಲ್ಲಿರುವ ಎಲ್ಲರೂ ಓದಬೇಕಾದದ್ದು. ಹಾರ್ಟ್ ಅಟ್ಯಾಕ್ ಆಗಿ ಬಿಪಿ ಕುಸಿದ 420 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬೇಗ ಎಕ್ಮೋ ಹಾಕುವುದು ಅಂತ ಇಟ್ಟರು. 30 ದಿನದಲ್ಲಿ ಸತ್ತವರು ಎಕ್ಮೋ ಗುಂಪಿನಲ್ಲಿ 47.8 ಪರ್ಸೆಂಟ್, ಇನ್ನೊಂದರಲ್ಲಿ 49. ಅಂದರೆ ವ್ಯತ್ಯಾಸವೇ ಇಲ್ಲ. ರಕ್ತಸ್ರಾವ ಮಾತ್ರ 9.6ರಿಂದ 23.4 ಪರ್ಸೆಂಟಿಗೆ ಏರಿತ್ತು. ಹಾರ್ಟ್ ಅಟ್ಯಾಕ್ ಆದವರಿಗೆಲ್ಲ ಎಕ್ಮೋ ಅನ್ನುವ ಮಾತು ಅಲ್ಲಿಗೆ ಮುಗಿಯಿತು. ಇನ್ನೊಂದು ಕಡೆ 2020ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ, ಶಾಕ್ ಕೊಟ್ಟರೂ ಸರಿಹೋಗದ ಹೃದಯದ ಬಡಿತದಿಂದ ರಸ್ತೆಯಲ್ಲಿ, ಮನೆಯಲ್ಲಿ ಬಿದ್ದವರನ್ನು ಸೀದಾ ಎಕ್ಮೋಗೆ ತಂದು ನೋಡಿದರು. 14 ಜನರಲ್ಲಿ 6 ಜನ ಮನೆಗೆ ಹೋದರು. ಸಾಮಾನ್ಯ ಚಿಕಿತ್ಸೆಯ 15 ಜನರಲ್ಲಿ ಒಬ್ಬರು. ಚಿಕ್ಕ ಪರೀಕ್ಷೆ ನಿಜ. ಆದರೆ ಅಲ್ಲಿ ಬಿದ್ದ ಕ್ಷಣದಿಂದ ಎದೆ ಒತ್ತುವವರಿದ್ದರು, ಕರೆದೊಯ್ಯುವ ವ್ಯವಸ್ಥೆ ಇತ್ತು, ತಂಡ ಕಾದು ನಿಂತಿತ್ತು. ನಮ್ಮಲ್ಲಿ ಬಿದ್ದವರ ಎದೆಯನ್ನು ಆಂಬುಲೆನ್ಸ್ ಬರುವವರೆಗೆ ಯಾರೂ ಒತ್ತದಿದ್ದರೆ, ಎಂಥ ಎಕ್ಮೋ ಇದ್ದರೂ ಮಿದುಳು ಉಳಿಯುವುದಿಲ್ಲ. ಎದೆ ಒತ್ತುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ದಯವಿಟ್ಟು ಕಲಿಯಿರಿ.

ಇನ್ನು ಎಕ್ಮೋ ಹಾಕಿದ ಮೇಲಿನ ಅಪಾಯಗಳು. ಇಲ್ಲಿ ನಮ್ಮ ಕೈಯಲ್ಲಿ ತುಂಬ ಇದೆ.

ರಕ್ತ ಪ್ಲಾಸ್ಟಿಕ್ ಮುಟ್ಟಿದರೆ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಟ್ಟರೆ ಬೇರೆ ಕಡೆ ರಕ್ತ ಸೋರುತ್ತದೆ. ಮೂಗು, ಹೊಟ್ಟೆ, ಕ್ಯಾನ್ಯುಲಾ ಹಾಕಿದ ಜಾಗ, ಎಲ್ಲಕ್ಕಿಂತ ಕೆಟ್ಟದ್ದು ಮಿದುಳು. ಇಯೋಲಿಯಾದಲ್ಲಿ ಎಕ್ಮೋ ಗುಂಪಿನ 46 ಪರ್ಸೆಂಟ್ ಜನಕ್ಕೆ ರಕ್ತಸ್ರಾವದಿಂದ ರಕ್ತ ಕೊಡಬೇಕಾಯಿತು. ನಮ್ಮ ದಿನವೆಲ್ಲ ಈ ಎರಡರ ನಡುವೆ ಹಗ್ಗದ ಮೇಲಿನ ನಡಿಗೆ.

ಶಿಫ್ಟ್ ತೆಗೆದುಕೊಂಡ ತಕ್ಷಣ ನಾನು ಮೊದಲು ಟಾರ್ಚ್ ಹಿಡಿದು ಆಕ್ಸಿಜನೇಟರ್ ಸುತ್ತ ನೋಡುತ್ತೇನೆ. ಮೂಲೆಗಳಲ್ಲಿ ಕಪ್ಪು ಚುಕ್ಕೆ ಇದ್ದರೆ ಕ್ಲಾಟ್, ಬಿಳಿ ಎಳೆ ಇದ್ದರೆ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟುವಾಗ ಕಟ್ಟುವ ನಾರು. ಹಿಂದಿನ ಶಿಫ್ಟಿನವರು ಚಾರ್ಟಿನಲ್ಲಿ ಚಿತ್ರ ಬರೆದು ಗುರುತು ಹಾಕಿರುತ್ತಾರೆ. ಅದಕ್ಕೆ ಹೋಲಿಸಿ ಬೆಳೆದಿದೆಯಾ ನೋಡಬೇಕು. ಆಕ್ಸಿಜನೇಟರಿಗೆ ಹೋಗುವ ಮುಂಚಿನ ಒತ್ತಡ ಎಷ್ಟು, ಹೊರಬಂದಮೇಲೆ ಎಷ್ಟು? ಎರಡರ ಅಂತರ ಗಂಟೆಗಂಟೆಗೂ ಏರುತ್ತಿದ್ದರೆ ಒಳಗೆ ಕಟ್ಟಿಕೊಳ್ಳುತ್ತಿದೆ. ಯೂರಿನ್ ಬ್ಯಾಗಿನಲ್ಲಿ ಕೋಲಾ ಬಣ್ಣ ಕಂಡರೆ ಪಂಪಿನಲ್ಲಿ ರಕ್ತಕಣ ಒಡೆಯುತ್ತಿರಬಹುದು. ಟ್ಯೂಬ್ ಸಣ್ಣಗೆ ನಡುಗುತ್ತಿದ್ದರೆ ಎಳೆಯಲು ರಕ್ತ ಸಾಲುತ್ತಿಲ್ಲ. ಆಗ ಹೊಸಬರು ಪಂಪಿನ ಸ್ಪೀಡ್ ಏರಿಸಲು ಹೋಗುತ್ತಾರೆ. ಏರಿಸಿದರೆ ನಡುಕ ಜಾಸ್ತಿಯಾಗುತ್ತದೆ. ಸ್ಪೀಡ್ ಸ್ವಲ್ಪ ಇಳಿಸಿ, ಯಾಕೆ ಸಾಲುತ್ತಿಲ್ಲ ಅಂತ ಹುಡುಕಬೇಕು. ರಕ್ತ ಸೋರುತ್ತಿದೆಯಾ, ಟ್ಯೂಬ್ ಮಡಚಿದೆಯಾ, ಪೇಶೆಂಟ್ ಕೆಮ್ಮುತ್ತಿದ್ದಾರಾ. ಕೊನೆಗೆ ಹ್ಯಾಂಡ್ ಕ್ರ್ಯಾಂಕ್ ತನ್ನ ಜಾಗದಲ್ಲಿ ಇದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡುತ್ತೇನೆ. ಕರೆಂಟ್, ಬ್ಯಾಟರಿ ಎರಡೂ ಕೈಕೊಟ್ಟರೆ ಪಂಪನ್ನು ಕೈಯಲ್ಲಿ ತಿರುಗಿಸುವ ಹಿಡಿಕೆ ಅದು. ಕಣ್ಣಲ್ಲಿ ನೋಡಿದರೆ ಸಾಲದು, ಮುಟ್ಟಬೇಕು.

ವಿಎ ಎಕ್ಮೋದಲ್ಲಿ ಇನ್ನೆರಡು ಇವೆ. ತೊಡೆಯ ಶುದ್ಧ ರಕ್ತನಾಳವನ್ನು ದಪ್ಪ ಟ್ಯೂಬ್ ತುಂಬಿಕೊಂಡಿರುತ್ತದೆ. ಕೆಳಗಿನ ಕಾಲಿಗೆ ರಕ್ತ ಸಿಗುವುದಿಲ್ಲ. ಅದಕ್ಕೆ ಇನ್ನೊಂದು ಸಣ್ಣ ಟ್ಯೂಬನ್ನು ಕಾಲಿನ ಕಡೆಗೆ ಹಾಕುತ್ತಾರೆ. ಸಿಸ್ಟರ್‌ಗಳು ಗಂಟೆಗೊಮ್ಮೆ ಎರಡೂ ಪಾದ ಮುಟ್ಟಿ ಬಿಸಿ, ಬಣ್ಣ ಹೋಲಿಸಿ ಬರೆಯುತ್ತಾರೆ. ಜೀವ ಉಳಿದು ಕಾಲು ಹೋಗುವುದನ್ನು ತಡೆಯುವುದು ಆ ಕೈ. ಇನ್ನೊಂದು, ಹೃದಯ ಚೇತರಿಸಿಕೊಳ್ಳುತ್ತಿದ್ದು ಶ್ವಾಸಕೋಶ ಇನ್ನೂ ಕೆಟ್ಟೇ ಇದ್ದರೆ, ಹೃದಯ ಪಂಪ್ ಮಾಡುವ ಕಪ್ಪು ರಕ್ತ ಮಿದುಳಿಗೆ ಹೋಗುತ್ತದೆ, ಮಿಷನ್ನಿನ ಕೆಂಪು ರಕ್ತ ಸೊಂಟದ ಕೆಳಗೆ. ಕಾಲಿನ ಬೆರಳಿಗೆ ಆಕ್ಸಿಜನ್ ಕ್ಲಿಪ್ ಹಾಕಿ 100 ತೋರಿಸುತ್ತಿದೆ ಅಂತ ಸುಮ್ಮನಿದ್ದರೆ ಮಿದುಳು ಹೋಗಿರುತ್ತದೆ. ಹಾಗಾಗಿ ಕ್ಲಿಪ್ ಯಾವಾಗಲೂ ಬಲಗೈಗೆ. ರಕ್ತದ ಸ್ಯಾಂಪಲ್ ಕೂಡ ಬಲಗೈಯಿಂದ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಹೇಳಿಕೊಡುವುದೇ ಇದನ್ನು.

ಇದೆಲ್ಲ ಅಭ್ಯಾಸದಿಂದ ಬರುವ ಕೆಲಸ. ವರ್ಷಕ್ಕೆ 30ಕ್ಕಿಂತ ಹೆಚ್ಚು ದೊಡ್ಡವರ ಕೇಸ್ ಮಾಡುವ ಸೆಂಟರ್‌ಗಳಲ್ಲಿ, ಆರಕ್ಕಿಂತ ಕಡಿಮೆ ಮಾಡುವ ಕಡೆಗಿಂತ ಸಾವು ಕಡಿಮೆ ಅಂತ 2015ರಲ್ಲಿ ಎಲ್ಸೋ ದಾಖಲೆಯಿಂದಲೇ ಗೊತ್ತಾಯಿತು. ಮಿಷನ್ ಕೊಳ್ಳುವುದು ಸುಲಭ. ಸರಿರಾತ್ರಿಯಲ್ಲಿ ಟ್ಯೂಬ್ ನಡುಗಿದರೆ ಏನು ಮಾಡಬೇಕು ಅಂತ ಗೊತ್ತಿರುವವರನ್ನು ತಯಾರು ಮಾಡುವುದು ಕಷ್ಟ. ಪ್ರತಿ ಆಸ್ಪತ್ರೆಯೂ ಒಂದೊಂದು ಎಕ್ಮೋ ಇಟ್ಟುಕೊಳ್ಳುವುದಕ್ಕಿಂತ, ಕೆಲವು ಕಡೆ ಗಟ್ಟಿ ತಂಡ ಇದ್ದು, ಉಳಿದವರು ಬೇಗ ಫೋನ್ ಮಾಡುವ ವ್ಯವಸ್ಥೆ ನಮ್ಮ ರಾಜ್ಯಕ್ಕೆ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೀದರಿನವರಿಗೂ ಚಾಮರಾಜನಗರದವರಿಗೂ ಆ ಫೋನ್ ನಂಬರ್ ಗೊತ್ತಿರಬೇಕು.

ಮನೆಯವರ ಬಗ್ಗೆ ಹೇಳದೆ ಇದನ್ನು ಮುಗಿಸಲಾರೆ. ಎಕ್ಮೋ ಖರ್ಚು ಲಕ್ಷಗಳಲ್ಲಿ. ಜಮೀನು ಅಡವಿಟ್ಟು, ಒಡವೆ ಮಾರಿ ತರುತ್ತಾರೆ. ಅವರಿಗೆ ನಿಜ ಹೇಳುವುದು ನಮ್ಮ ಧರ್ಮ. ನೀವು ಆ ಕುರ್ಚಿಯಲ್ಲಿ ಕೂತಿದ್ದರೆ ಡಾಕ್ಟರನ್ನು ಧೈರ್ಯವಾಗಿ ಕೇಳಿ: ಯಾವುದು ಸುಧಾರಿಸಲಿ ಅಂತ ಕಾಯುತ್ತಿದ್ದೇವೆ? ಅದು ಸುಧಾರಿಸುವ ಕಾಯಿಲೆಯಾ? ಸುಧಾರಿಸದಿದ್ದರೆ ಮುಂದೆ ಕಸಿ ಮಾಡುವ ದಾರಿ ಇದೆಯಾ? ಮಿದುಳು ಹೇಗಿದೆ? ಮತ್ತೆ ಯಾವತ್ತು ಕೂತು ಮಾತಾಡೋಣ? ಈ ಕೊನೆಯ ಪ್ರಶ್ನೆಯನ್ನು ನಮ್ಮ ಡಾಕ್ಟರು ತಾವೇ ಮೊದಲು ಹೇಳುತ್ತಾರೆ. ಇಂಥ ದಿನ ಮತ್ತೆ ನೋಡೋಣ, ಅಲ್ಲಿಯವರೆಗೆ ಪೂರ್ತಿ ಶಕ್ತಿ ಹಾಕೋಣ ಅಂತ. ಸ್ಕೋರ್ ಮೈನಸ್ ಬಂತು ಅಂತ ಒಬ್ಬ ಮನುಷ್ಯನನ್ನು ಕೈಬಿಡುವುದಲ್ಲ. ಅದು ನೂರು ಜನರ ಲೆಕ್ಕ, ಒಬ್ಬರ ಹಣೆಬರಹ ಅಲ್ಲ. ಆದರೆ ಮಿದುಳು ಪೂರ್ತಿ ಹೋಗಿದ್ದು, ಕಸಿಯೂ ಆಗದ ಸ್ಥಿತಿಯಲ್ಲಿ ಪಂಪ್ ತಿರುಗುತ್ತಲೇ ಇದ್ದರೆ ಅದು ಚಿಕಿತ್ಸೆ ಅಲ್ಲ. ಅಂಥ ಹೊತ್ತಲ್ಲಿ ಮನೆಯವರನ್ನು ಒಳಗೆ ಕರೆದು, ಕೈ ಹಿಡಿದುಕೊಳ್ಳಲು ಬಿಟ್ಟು, ಆಮೇಲೆ ಫ್ಲೋ ಇಳಿಸುವ ಕೆಲಸವೂ ನಮ್ಮದೇ.

ಉಳಿದು ಹೋದವರ ವಿಷಯದಲ್ಲಿ ಒಂದು ಮಾತು, ಯಾಕೆಂದರೆ ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. ಎಕ್ಮೋ ಮೇಲೆ ಮಲಗಿದ್ದವರು ಮನೆಗೆ ಹೋದಮೇಲೆ ಮೆಟ್ಟಿಲು ಹತ್ತಲು, ಚೊಂಬು ಎತ್ತಲು ತಿಂಗಳುಗಟ್ಟಲೆ ಕಷ್ಟಪಡುತ್ತಾರೆ. ರಾತ್ರಿ ನಿದ್ದೆಯಲ್ಲಿ ಬೆಚ್ಚುತ್ತಾರೆ, ಐಸಿಯು ಅಲಾರಾಂ ಕೇಳಿಸಿದಂತೆ ಆಗುತ್ತದೆ. ಸೋಮಾರಿತನ ಅಂತಲೋ ಮನಸ್ಸು ಕೆಟ್ಟಿದೆ ಅಂತಲೋ ಬೈಯಬೇಡಿ. ಫಿಸಿಯೋಥೆರಪಿ ಬಿಡಬೇಡಿ. ಟ್ಯೂಬ್ ಇದ್ದ ರಕ್ತನಾಳದಲ್ಲಿ ಕ್ಲಾಟ್ ಕೂತಿರುವುದು ಸಾಮಾನ್ಯ. ಟ್ಯೂಬ್ ತೆಗೆದಮೇಲೆ ಕಾಲು, ಕುತ್ತಿಗೆಯ ರಕ್ತನಾಳದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಆಗಿದೆಯಾ ಅಂತ ಸಮ್ಮರಿಯಲ್ಲಿ ನೋಡಿ, ಇಲ್ಲದಿದ್ದರೆ ಕೇಳಿ ಮಾಡಿಸಿ. ಮನೆಯಲ್ಲಿ ಆ ಕಾಲು ಊದಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಮುಂದಿನ ಚೆಕಪ್ ದಿನದವರೆಗೆ ಕಾಯಬೇಡಿ. ಅವತ್ತೇ ಹೊರಟು ಬನ್ನಿ.